ಆಸಾಡಿಯಲ್ಲಿ ಬಂದು ಅಳೆಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕರಾವಳಿ ಊರುಗಳ ಒಳಚರಂಡಿ ಯೋಜನೆಗಳ ಬಗ್ಗೆ ಈ ಪತ್ರ. ಓದುಗರ ಪತ್ರಗಳ ಅಂಕಣಕ್ಕೆ ಇಷ್ಟು ಉದ್ದ ಬರೆಯಬಾರದೆಂದು ಗೊತ್ತಿದೆ. ಜಾಗ ಸಾಲದಿದ್ದರೆ ಎಲ್ಲಿ ಬೇಕಾದರೂ ಕತ್ತರಿ ಹಾಕಿ. ಬಾವಿಯ ಸಂಗತಿ, ಮಳೆಗಾಲದ ಸಂಗತಿ ಇವೆರಡನ್ನು ಮಾತ್ರ ಉಳಿಸಿಕೊಡಿ.

ನಾನು ಕುಂದಾಪುರದವನು. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ ಮೂವತ್ತೆಂಟು ವರ್ಷ ಮನೆ ಕಟ್ಟಿಸುವ ಕೆಲಸ ಮಾಡಿದೆ. ಸರ್ಕಾರಿ ನೌಕರಿ ಸಿಗಲಿಲ್ಲ, ಆದರೂ ಊರಿನವರ ಬಾಯಲ್ಲಿ ನಾನು ‘ಓವರ್‌ಸಿಯರ್ರು’. ಈಗ ಮೊಣಕಾಲು ಏಣಿ ಹತ್ತಲು ಬಿಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಚಾವಡಿಯಲ್ಲಿ ಕುಳಿತು ಪತ್ರಿಕೆಯನ್ನು ಟೆಂಡರ್ ಜಾಹೀರಾತಿನ ಸಮೇತ ಓದುತ್ತೇನೆ.

ಕರಾವಳಿಯ ಸಣ್ಣ ಊರುಗಳ ಒಳಚರಂಡಿ, ಸಂಸ್ಕರಣಾ ಘಟಕ, ಘಟಕದ ಮೇಲ್ದರ್ಜೆ ಎಂಬ ಸುದ್ದಿ ಬಂದಾಗಲೆಲ್ಲ ಎರಡು ಸಂಖ್ಯೆಗಳು ಕಣ್ಣಿಗೆ ಬೀಳುತ್ತವೆ: ಇಷ್ಟು ಕೋಟಿ ರೂಪಾಯಿ, ಇಷ್ಟು ಎಂಎಲ್‌ಡಿ. ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್. ನನಗೆ ಬೇಕಾದ ಮೂರನೆಯ ಸಂಖ್ಯೆಯೊಂದಿದೆ, ಅದನ್ನು ಈವರೆಗೆ ಯಾವ ಸುದ್ದಿಯಲ್ಲೂ ನೋಡಿಲ್ಲ. ಜುಲೈ ತಿಂಗಳಲ್ಲಿ ಆ ಊರಿನ ನೆಲದಡಿ ಎಷ್ಟು ಅಡಿಗೆ ನೀರು ಸಿಗುತ್ತದೆ? ನನ್ನ ಮನೆಯ ಬಾವಿಯಲ್ಲಿ ಎರಡು ಅಡಿಗೆ ಸಿಗುತ್ತದೆ. ಮೇ ತಿಂಗಳಲ್ಲಿ ಹದಿನಾರು ಅಡಿ ಇಳಿಯಬೇಕು.

ಇದು ಏಕೆ ಮುಖ್ಯ ಎಂದು ಹೇಳುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು.

ನಾನು ಎಷ್ಟು ಮನೆಗಳಿಗೆ ಕಕ್ಕಸಿನ ಪಿಟ್ ಕಟ್ಟಿಸಿದ್ದೇನೆ ಎಂದು ಲೆಕ್ಕ ಇಟ್ಟಿಲ್ಲ. ಅವುಗಳಲ್ಲಿ ತಳಕ್ಕೆ ಕಾಂಕ್ರೀಟ್ ಹಾಕಿಸಿದ್ದು ಬೆರಳೆಣಿಕೆಯಷ್ಟಕ್ಕೆ. ನಕ್ಷೆಯಲ್ಲಿ ‘ಸೆಪ್ಟಿಕ್ ಟ್ಯಾಂಕ್’ ಎಂದು ಬರೆಯುತ್ತಿದ್ದೆ. ಊರಿನವರು ‘ಸೇಫ್ಟಿ ಟ್ಯಾಂಕ್’ ಎನ್ನುತ್ತಿದ್ದರು. ಎರಡೂ ಸುಳ್ಳು. ನೆಲದಲ್ಲಿ ಇದ್ದದ್ದು ಎಂಟು ಅಡಿ ಆಳದ ಒಂದು ಹೊಂಡ, ಸುತ್ತ ಸಿಮೆಂಟ್ ಇಲ್ಲದೆ ಪೇರಿಸಿದ ಕೆಂಪುಕಲ್ಲು, ಮೇಲೊಂದು ಸ್ಲ್ಯಾಬ್. ನೀರು ತಳದಿಂದಲೂ ಬದಿಯಿಂದಲೂ ಇಂಗಿ ಹೋಗುತ್ತಿತ್ತು. ‘ಹತ್ತು ವರ್ಷವಾಯಿತು, ಒಮ್ಮೆಯೂ ತುಂಬಲಿಲ್ಲ’ ಎಂದು ಮನೆಯವರು ಹೊಗಳುತ್ತಿದ್ದರು. ತುಂಬದ ಪಿಟ್ಟು ಒಳ್ಳೆಯ ಪಿಟ್ಟು, ಕಟ್ಟಿಸಿದವನು ಒಳ್ಳೆಯ ಓವರ್‌ಸಿಯರು. ಆ ನೀರು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ನನಗೆ ಗೊತ್ತಿತ್ತು, ನಾನೂ ಬಾಯಿ ಬಿಡಲಿಲ್ಲ.

ನಿಯಮ ಇಲ್ಲದೆ ಏನಲ್ಲ. ಸೆಪ್ಟಿಕ್ ಟ್ಯಾಂಕಿಗೆಂದೇ ಐಎಸ್ 2470 ಎಂಬ ಭಾರತೀಯ ಮಾನಕವಿದೆ. ಟ್ಯಾಂಕು ನೀರು ಸೋರದಂತಿರಬೇಕು, ಅದರಿಂದ ಹೊರಬಂದ ತಿಳಿನೀರು ಮಾತ್ರ ಇಂಗುಗುಂಡಿಗೆ ಹೋಗಬೇಕು, ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರವಿರಬೇಕು. ಹದಿನೆಂಟು ಮೀಟರ್ ಎಂದರೆ ಹತ್ತಿರ ಹತ್ತಿರ ಅರವತ್ತು ಅಡಿ. ನಮ್ಮಲ್ಲಿ ಜನ ಮನೆ ಕಟ್ಟುವುದು ಐದು ಸೆಂಟ್ಸ್ ಜಾಗದಲ್ಲಿ. ಐದು ಸೆಂಟ್ಸ್ ಎಂದರೆ 2,178 ಚದರ ಅಡಿ. ಚೌಕವಾಗಿದ್ದರೆ ಒಂದು ಬದಿ 47 ಅಡಿ ತುಂಬುವುದಿಲ್ಲ. ಮೂಲೆಯಿಂದ ಮೂಲೆಗೆ ಹಗ್ಗ ಎಳೆದರೆ ಅರವತ್ತಾರು ಅಡಿ ಸಿಗುತ್ತದೆ, ನಿಜ. ಆದರೆ ಆ ಮೂಲೆಯಾಚೆ ನೆರೆಯವರ ಬಾವಿ ಇರುತ್ತದೆ, ಅವರ ಪಿಟ್ಟಿನಾಚೆ ನಮ್ಮ ಬಾವಿ ಇರುತ್ತದೆ. ಮಾನಕ ಬರೆದವರು ಐದು ಸೆಂಟ್ಸಿನ ಸಾಲು ಮನೆಗಳನ್ನು ಕಂಡಿರಲಾರರು.

ನಮ್ಮೂರಿನ ಸಮುದ್ರದ ಬದಿಯ ಕೋಡಿಯ ಕಡೆ ಮರಳು ನೆಲ. ಅಲ್ಲಿ ನಾನೊಂದು ಮನೆ ಕಟ್ಟಿಸಿದ್ದೆ. ಕೆಲವು ವರ್ಷಗಳಾದ ಮೇಲೆ, ಆಸಾಡಿ ತಿಂಗಳ, ಅಂದರೆ ಆಷಾಢದ, ಒಂದು ಬೆಳಿಗ್ಗೆ, ಅದೇ ಸಾಲಿನಲ್ಲಿ ಮಳೆಗೆ ಮಾಡು ಸೋರುವ ಮನೆ ನೋಡಲು ಹೋಗಿದ್ದೆ. ಪಕ್ಕದ ಮನೆಯ ಅಕ್ಕ, ಮೀನು ಮಾರಿ ಮನೆ ನಡೆಸುತ್ತಿದ್ದವರು, ಕೊಡೆ ಇಲ್ಲದೆ ಅಂಗಳ ದಾಟಿ ಬಂದು ಒಂದು ಚೊಂಬು ನೀರನ್ನು ನನ್ನ ಕೈಗಿಟ್ಟರು. ಬಾಯಾರಿಕೆಗೆ ಕೊಟ್ಟರೇನೋ ಎಂದುಕೊಂಡೆ. ‘ಓವರ್‌ಸಿಯರ್ರೇ, ಒಂದು ಗುಟುಕು ಕುಡಿದು ಹೇಳಿ, ಇದು ಯಾವ ವಾಸನೆ?’ ಎಂದರು. ಚೊಂಬನ್ನು ಮೂಗಿನ ಹತ್ತಿರ ತಂದವನು ಕುಡಿಯಲಿಲ್ಲ. ಅವರು ಬೇರೇನೂ ಹೇಳದೆ ಚೊಂಬನ್ನು ವಾಪಸು ತೆಗೆದುಕೊಂಡು ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದರು. ಮಳೆ ನಿಂತ ಮೇಲೆ ಟೇಪು ಹಿಡಿದು ಅಳೆದೆ. ಅವರ ಬಾವಿಗೂ ನಾನು ಕಟ್ಟಿಸಿದ ಪಿಟ್ಟಿಗೂ ನಡುವೆ ಇಪ್ಪತ್ತೆರಡು ಅಡಿ.

‘ಬೇಸಿಗೆಯಲ್ಲಿ ನೀರು ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಮಾತ್ರ ಹೀಗೆ’ ಎಂದು ಅವರೇ ಹೇಳಿದ್ದರು. ಅದರಲ್ಲಿ ಎಲ್ಲ ವಿವರಣೆಯೂ ಇತ್ತು. ಬೇಸಿಗೆಯಲ್ಲಿ ಪಿಟ್ಟಿನ ತಳಕ್ಕೂ ಅಂತರ್ಜಲಕ್ಕೂ ನಡುವೆ ಒಣ ಮರಳಿನ ಪದರವಿರುತ್ತದೆ. ಅದು ಸೋಸುತ್ತದೆ, ಅದರೊಳಗಿನ ಗಾಳಿ ರೋಗಾಣುಗಳನ್ನು ಒಂದಷ್ಟು ತೆಗೆಯುತ್ತದೆ. ಆಸಾಡಿಯಲ್ಲಿ ನೀರು ಏರಿ ಪಿಟ್ಟಿನೊಳಗೇ ಬಂದು ಕೂರುತ್ತದೆ. ಆಗ ಪಿಟ್ಟು ಬೇರೆ, ಬಾವಿ ಬೇರೆ ಎಂದಿಲ್ಲ, ಎರಡೂ ಒಂದೇ ನೀರಿನ ಎರಡು ಬಾಯಿಗಳು. ಕೆಂಪುಕಲ್ಲಿನ ನೆಲವಾದರೆ ಇನ್ನೂ ಸುಲಭ, ಕಲ್ಲಿನ ಒಳಗೆಲ್ಲ ಜೇನುಗೂಡಿನಂತೆ ತೂತು. ಆ ಅಕ್ಕನ ಬಾವಿಯ ಮೇಲೆ ಈಗ ಕಬ್ಬಿಣದ ಜಾಲರಿ ಇದೆ. ಜಾಲರಿಯ ಮೇಲೆ ಮೀನಿನ ಬುಟ್ಟಿ ಒಣಗುತ್ತದೆ.

ಆದ್ದರಿಂದ ಒಳಚರಂಡಿ ಬೇಡ ಎನ್ನುವವನು ನಾನಲ್ಲ. ಬೇಕೇ ಬೇಕು. ಕರ್ನಾಟಕದ ಕರಾವಳಿ ಊರುಗಳ ಪರಿಸರ ನಿರ್ವಹಣೆಗೆಂದು ಏಷ್ಯನ್ ಅಭಿವೃದ್ಧಿ ಬ್ಯಾಂಕ್ 1999ರಲ್ಲೇ ಸಾಲ ಮಂಜೂರು ಮಾಡಿತ್ತು. ಮಂಗಳೂರು, ಉಡುಪಿ, ಕಾರವಾರ, ಅಂಕೋಲಾ, ಭಟ್ಕಳಗಳ ಜೊತೆ ಆ ಹತ್ತು ಊರುಗಳ ಪಟ್ಟಿಯಲ್ಲಿ ಕುಂದಾಪುರವೂ ಇತ್ತು. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿದ್ದಾರೆ. 2015ರಲ್ಲಿ ಪಟ್ಟಣಗಳಿಗೆಂದು ಕೇಂದ್ರದ ಅಮೃತ್ ಯೋಜನೆ ಬಂತು, 2021ರಲ್ಲಿ ಅಮೃತ್ 2.0 ಬಂತು. ಹಣದ ಹೆಸರು ಬದಲಾದಾಗಲೆಲ್ಲ ಹೊಸ ವಿಸ್ತೃತ ಯೋಜನಾ ವರದಿ ತಯಾರಾಗುತ್ತದೆ. ನನ್ನ ಜಗಳ ಆ ವರದಿಯ ಮೊದಲ ಪುಟದ ಲೆಕ್ಕದ ಜೊತೆ.

ಲೆಕ್ಕ ಹೀಗಿರುತ್ತದೆ. 2011ರ ಜನಗಣತಿಯಂತೆ ಕುಂದಾಪುರ ಪಟ್ಟಣದ ಜನಸಂಖ್ಯೆ 30,444. ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಕೇಂದ್ರದ ಕೈಪಿಡಿ ಹೇಳುತ್ತದೆ. ಅದರಲ್ಲಿ ಶೇ 80 ಕೊಳಚೆಯಾಗಿ ಮರಳುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ ಸುಮಾರು 33 ಲಕ್ಷ ಲೀಟರ್, ಅಂದರೆ 3.3 ಎಂಎಲ್‌ಡಿ. ಮುಂದಿನ ಮೂವತ್ತು ವರ್ಷದ ಬೆಳವಣಿಗೆಗೆಂದು ಒಂದಿಷ್ಟು ಸೇರಿಸಿ ಘಟಕದ ಗಾತ್ರ ನಿಗದಿಪಡಿಸುತ್ತಾರೆ. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ಅದೇ ಕೈಪಿಡಿಯಲ್ಲಿ ಇನ್ನೊಂದು ಸಾಲಿದೆ. ನೆಲದ ನೀರು ಕೊಳವೆಯ ಬೆಸುಗೆಗಳಿಂದ, ಮ್ಯಾನ್‌ಹೋಲ್ ಗೋಡೆಯಿಂದ ಒಳಗೆ ಒಸರುತ್ತದೆ. ಅದಕ್ಕೆ ಹೆಕ್ಟೇರಿಗೆ ದಿನಕ್ಕೆ 5,000ದಿಂದ 50,000 ಲೀಟರ್‌ವರೆಗೆ ಹಿಡಿದುಕೊಳ್ಳಿ ಎಂದು. ಎರಡು ಸಂಖ್ಯೆಗಳ ನಡುವೆ ಹತ್ತು ಪಟ್ಟು ಅಂತರ. ಊರಿನ ತಗ್ಗು ಭಾಗದ ನೂರೇ ಹೆಕ್ಟೇರ್ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಳಗಿನ ಸಂಖ್ಯೆ ಹಿಡಿದರೆ ದಿನಕ್ಕೆ ಐದು ಲಕ್ಷ ಲೀಟರ್ ಒಸರು ನೀರು. ಮೇಲಿನದನ್ನು ಹಿಡಿದರೆ ಐವತ್ತು ಲಕ್ಷ ಲೀಟರ್, ಇಡೀ ಊರಿನ ಜನ ಬಳಸಿ ಚೆಲ್ಲಿದ ನೀರಿಗಿಂತ ಹೆಚ್ಚು! ಮೇಜಿನ ಮುಂದೆ ಕುಳಿತವರು ಯಾವ ಸಂಖ್ಯೆ ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೆ ಘಟಕ ಜುಲೈಯಲ್ಲಿ ಕೆಲಸ ಮಾಡುತ್ತದೋ ಮುಳುಗುತ್ತದೋ ತೀರ್ಮಾನವಾಗುತ್ತದೆ. ಸರ್ವೆಯವರು ನಮ್ಮಲ್ಲಿಗೆ ಬರುವುದು ಜನವರಿ, ಫೆಬ್ರುವರಿಯಲ್ಲಿ. ಅವರನ್ನು ದೂರುವುದಿಲ್ಲ. ಉಪಕರಣ ಒದ್ದೆಯಾಗಬಾರದು, ಮಾರ್ಚ್ ಕೊನೆಗೆ ಬಿಲ್ಲು ಆಗಬೇಕು. ಆ ಹೊತ್ತಿಗೆ ನಮ್ಮ ನೆಲ ಒಣಗಿ, ಮರ್ಯಾದಸ್ಥರ ಮನೆಯ ಚಾವಡಿಯಂತೆ ಇರುತ್ತದೆ. ಸಹಜವಾಗಿ ಕೆಳಗಿನ ಸಂಖ್ಯೆ ಸರಿ ಎನಿಸುತ್ತದೆ.

ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದೇ ಜುಲೈಯಲ್ಲಿ ಸಾವಿರ ಮಿಲಿಮೀಟರ್ ದಾಟಿದರೆ ಯಾರೂ ಬೆರಗಾಗುವುದಿಲ್ಲ. ಜೊತೆಗೆ ಊರಿನ ಮೂರು ಕಡೆ ನೀರು. ಪಂಚಗಂಗಾವಳಿ ಎಂಬ ಹೆಸರಿನಲ್ಲೇ ಐದು ಹೊಳೆ ಬಂದು ಸೇರಿವೆ. ಹುಣ್ಣಿಮೆ, ಅಮಾವಾಸ್ಯೆಯ ಭರತದ ಹೊತ್ತಿಗೆ ಮಳೆಯೂ ಬಂದರೆ ತೋಡಿನ ನೀರು ಹೊಳೆಗೆ ಇಳಿಯಲು ಜಾಗವಿಲ್ಲದೆ ಅಂಗಳದಲ್ಲೇ ಕಾಯುತ್ತದೆ.

ಒಸರು ನೀರು ಹೇಗೆ ಒಳಗೆ ಬರುತ್ತದೆ ಎಂಬುದನ್ನು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ಕಾಲ ಬೇರೊಂದು ಕರಾವಳಿ ಪಟ್ಟಣದಲ್ಲಿ, ಊರಿನ ಹೆಸರು ಬೇಡ, ಗುತ್ತಿಗೆದಾರರೊಬ್ಬರ ಕೈಕೆಳಗೆ ಒಳಚರಂಡಿ ಕೊಳವೆ ಹಾಕಿಸುವ ಕೆಲಸ ನೋಡಿಕೊಂಡಿದ್ದೆ. ಹನ್ನೊಂದು ಅಡಿ ಆಳದ ಕಂದಕ. ಎರಡು ಪಂಪು ನೀರೆತ್ತುತ್ತಿದ್ದವು. ಒಂದರ ಬಾಯಿಗೆ ಮರಳು ಕಟ್ಟಿ ನಿಂತಿತು. ನಾವು ಆಗಷ್ಟೇ ಎರಡು ಸ್ಟೋನ್‌ವೇರ್ ಕೊಳವೆಗಳನ್ನು ಕೂಡಿಸಿ ಸೆಣಬು ಸುತ್ತಿ ಗಾರೆ ಮೆತ್ತಿದ್ದೆವು. ಗಾರೆ ಬಿಗಿಯುವ ಮೊದಲೇ ಕೆಳಗಿನಿಂದ ನೀರು ಉಕ್ಕಿ, ಸಿಮೆಂಟು ಹಾಲಿನಂತೆ ತೊಳೆದುಹೋಗಿ, ಕೊಳವೆಯ ಕುತ್ತಿಗೆಯಲ್ಲಿ ಬರೀ ಮರಳು ಉಳಿಯಿತು. ಬೆರಳಿನಿಂದ ಮುಟ್ಟಿದರೆ ಉದುರುತ್ತಿತ್ತು. ಸಂಜೆ ಆರೂವರೆ, ಕೂಲಿಯವರ ಬಸ್ಸಿನ ಹೊತ್ತು. ಮರುದಿನ ಬೆಳಿಗ್ಗೆ ಅದರ ಮೇಲೆ ಮಣ್ಣು ಮುಚ್ಚಿಸಿದೆ. ಅಂಥ ಬೆಸುಗೆ ಅದೊಂದೇ ಇರಲಿಲ್ಲ. ಬೇಸಿಗೆಯಲ್ಲಿ ಪರೀಕ್ಷೆ ಮಾಡಿದಾಗ ಕೊಳವೆ ಚೆನ್ನಾಗಿಯೇ ಇತ್ತು. ಮಳೆಗಾಲದಲ್ಲಿ ಯಾರೂ ಮುಚ್ಚಳ ತೆಗೆದು ನೋಡಲಿಲ್ಲ.

ಕೊಳವೆ ಅಷ್ಟು ಆಳಕ್ಕೆ ಹೋಗುವುದಕ್ಕೂ ಕಾರಣವಿದೆ. ಕೊಳಚೆ ತಾನಾಗಿ ಹರಿಯಬೇಕಾದರೆ ಇಳಿಜಾರು ಬೇಕು. ಸಾವಿರಕ್ಕೆ ನಾಲ್ಕರ ಲೆಕ್ಕದಲ್ಲಿ ಕೊಟ್ಟರೂ ಒಂದು ಕಿಲೋಮೀಟರಿಗೆ ನಾಲ್ಕು ಮೀಟರ್ ಇಳಿಯಬೇಕು. ಚಪ್ಪಟೆ ಊರಿನಲ್ಲಿ ನೆಲ ಇಳಿಯುವುದಿಲ್ಲ, ಕೊಳವೆಯೇ ಇಳಿಯಬೇಕು. ಒಂದು ಮಟ್ಟಕ್ಕೆ ಇಳಿದ ಮೇಲೆ ವೆಟ್‌ವೆಲ್, ಅಂದರೆ ಕೊಳಚೆ ಬಂದು ಸೇರುವ ಬಾವಿ, ಕಟ್ಟಿ ಪಂಪಿನಿಂದ ಎತ್ತಿ ಮತ್ತೆ ಮೇಲಿನಿಂದ ಶುರುಮಾಡಬೇಕು. ವೆಟ್‌ವೆಲ್ಲಿಗೆ ಯಾರೂ ತಮ್ಮ ಮನೆಯ ಪಕ್ಕ ಜಾಗ ಕೊಡುವುದಿಲ್ಲ. ನಾನೂ ಕೊಡಲಾರೆ, ಸುಮ್ಮನೆ ಏಕೆ ಸುಳ್ಳು ಹೇಳಲಿ. ಕೊನೆಗೆ ಎಲ್ಲರಿಗೂ ಬೇಡವಾದ ತಗ್ಗು ಜಾಗ, ತೋಡಿನ ಬದಿ, ಅದಕ್ಕೆ ಸಿಗುತ್ತದೆ. ಮಳೆಗಾಲದಲ್ಲಿ ಮೊದಲು ಮುಳುಗುವುದೂ ಅದೇ ಜಾಗ, ಗಾಳಿಮಳೆಗೆ ಮೊದಲು ಕರೆಂಟು ಹೋಗುವುದೂ ಅದೇ ಸಾಲಿನಲ್ಲಿ. ಪಂಪು ನಿಂತ ಅರ್ಧ ದಿನದಲ್ಲಿ ಮ್ಯಾನ್‌ಹೋಲ್ ಬಾಯಿಂದ ಕೊಳಚೆ ರಸ್ತೆಗೆ ಬರುತ್ತದೆ, ಮರುದಿನ ಪತ್ರಿಕೆಯಲ್ಲಿ ಅದರ ಚಿತ್ರ ಬರುತ್ತದೆ. ಎಂಎಲ್‌ಡಿ ಎಷ್ಟೇ ದೊಡ್ಡದು ಮಾಡಿದರೂ ಈ ಚಿತ್ರ ನಿಲ್ಲುವುದಿಲ್ಲ. ಪಂಪಿನ ಕೋಣೆಯ ನೆಲ ಪ್ರವಾಹದ ಮಟ್ಟಕ್ಕಿಂತ ಮೇಲಿದೆಯೇ, ಜನರೇಟರ್ ಇದೆಯೇ, ಅದಕ್ಕೆ ಡೀಸೆಲ್ ತುಂಬಿಸುವ ಹಣ ಯಾವ ಲೆಕ್ಕಶೀರ್ಷಿಕೆಯಲ್ಲಿದೆ ಎಂದು ಕೇಳಬೇಕು. ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕಟ್ಟುವ ಹಣ ದಿಲ್ಲಿಯಿಂದ, ಬೆಂಗಳೂರಿನಿಂದ ಬರುತ್ತದೆ. ಡೀಸೆಲ್ಲಿನ ಹಣ ಊರಿನ ಮನೆ ತೆರಿಗೆಯಿಂದಲೇ ಬರಬೇಕು.

ಉಪ್ಪಿನ ವಿಷಯವೂ ಇದೆ. ಉಪ್ಪುನೀರು ಕೊಳವೆಗೆ ಸೇರಿದರೆ ಅದರಲ್ಲಿನ ಸಲ್ಫೇಟಿನಿಂದ, ಗಾಳಿಯಾಡದ ಕೊಳಚೆಯಲ್ಲಿ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ. ಅದು ಕೊಳವೆಯ ನೆತ್ತಿಯಲ್ಲಿ ಆಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಗುಂಡಿಗೆ ಇಳಿದ ಮನುಷ್ಯನ ಪ್ರಾಣ ತೆಗೆಯುವುದೂ ಅದೇ ಅನಿಲ. 2013ರ ಕಾನೂನು ಹೀಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ನೀರಿನ ರಭಸದಿಂದ ಕೊಳವೆ ಶುಚಿ ಮಾಡುವ ಜೆಟ್ಟಿಂಗ್ ಯಂತ್ರದ ಖರ್ಚನ್ನು ಯೋಜನೆಯೊಳಗೇ ಹಾಕದೆ ಆಮೇಲೆ ನೋಡೋಣ ಎಂದು ಬಿಡುವವರು, ಆ ‘ಆಮೇಲೆ’ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಯೋಚಿಸಲಿ.

ಈಗ ಮಾಡಿನ ನೀರು. ಇದು ನಮ್ಮ ಜನರದೇ ಕೆಲಸ. ಒಳಚರಂಡಿಯ ಚೇಂಬರು ಮನೆ ಮುಂದೆ ಬಂದ ಕೂಡಲೇ, ಅಂಗಳದಲ್ಲಿ ನೀರು ನಿಲ್ಲುತ್ತದೆಂದು ತಾರಸಿಯ ಪೈಪನ್ನೂ ಅದಕ್ಕೇ ತಿರುಗಿಸುತ್ತಾರೆ. ಸಾವಿರ ಚದರ ಅಡಿಯ ತಾರಸಿಯ ಮೇಲೆ ಒಂದು ದಿನ ನೂರು ಮಿಲಿಮೀಟರ್ ಮಳೆ ಬಿದ್ದರೆ 9,300 ಲೀಟರ್. ಐದು ಜನರ ಮನೆಯಿಂದ ದಿನಕ್ಕೆ ಬರುವ ಕೊಳಚೆ 540 ಲೀಟರ್. ಅಂದರೆ ಮಾಡಿನ ನೀರು ಬಿಟ್ಟ ಒಂದೇ ಮನೆ ಆ ದಿನ ಹದಿನೇಳು ಮನೆಗಳಷ್ಟು ಭಾರ ಹಾಕಿದಂತೆ. ಘಟಕದಲ್ಲಿ ಕೊಳಚೆ ತಿನ್ನುವುದು ಬ್ಯಾಕ್ಟೀರಿಯಾಗಳು. ಅವುಗಳಿಗೆ ಊಟವೂ ಬೇಕು, ತಿನ್ನಲು ಹೊತ್ತೂ ಬೇಕು. ತೆಳ್ಳಗಿನ ಮಳೆನೀರು ರಭಸದಿಂದ ಬಂದರೆ ಅವು ಹಸಿದುಕೊಂಡೇ ಕೊಚ್ಚಿಹೋಗುತ್ತವೆ. ಮಳೆ ನಿಂತ ಮೇಲೂ ಘಟಕ ಮೊದಲಿನಂತಾಗಲು ದಿನಗಳು ಬೇಕು. ಯಾರ ತಾರಸಿ ಎಲ್ಲಿಗೆ ಹರಿಯುತ್ತದೆ ಎಂದು ಕಂಡುಹಿಡಿಯುವುದು ಬಹಳ ಸುಲಭ, ಮಳೆ ಬರುವಾಗ ಕೊಡೆ ಹಿಡಿದು ಬೀದಿಯಲ್ಲಿ ನಡೆದರೆ ಸಾಕು. ಜನವರಿಯಲ್ಲಿ ನಡೆದರೆ ಕಾಣುವುದಿಲ್ಲ.

ಮನೆ ಜೋಡಣೆಯ, ಅಂದರೆ ಮನೆಯ ಕಕ್ಕಸನ್ನು ರಸ್ತೆಯ ಕೊಳವೆಗೆ ಸೇರಿಸುವುದರ, ಬಗ್ಗೆ ಯೋಜನಾ ವರದಿಯಲ್ಲಿ ಒಂದು ಸಾಲು ಇರುತ್ತದೆ, ಅದನ್ನು ಮನೆಯವರೇ ಮಾಡಿಕೊಳ್ಳಬೇಕೆಂದು. ಆ ಒಂದು ಸಾಲಿನಲ್ಲಿ ಯೋಜನೆಗಳು ಸತ್ತಿವೆ ಎಂಬುದು ನನ್ನ ಅನುಭವ. ನಾವು ಹಳೆಯ ಮನೆಗಳಲ್ಲಿ ಕಕ್ಕಸನ್ನು ಕಟ್ಟಿದ್ದು ಹಿತ್ತಿಲಲ್ಲಿ, ಪಿಟ್ಟೂ ಅಲ್ಲೇ. ಕೊಳವೆ ಬರುವುದು ಮುಂದಿನ ರಸ್ತೆಯಲ್ಲಿ. ನಡುವೆ ಇರುವುದು ಮನೆ. ಪಕ್ಕದಲ್ಲಿ ಎರಡೂವರೆ ಅಡಿಯ ಓಣಿ, ಅದರಲ್ಲಿ ಬಾವಿಯ ಪೈಪು, ತೆಂಗಿನ ಬೇರು, ನೆರೆಯವರ ಆವರಣ ಗೋಡೆಯ ಪಾಯ. ಅಗೆದು, ಇಳಿಜಾರು ಹಿಡಿದು, ಮತ್ತೆ ಇಂಟರ್‌ಲಾಕ್ ಹಾಸಿ ಮುಗಿಸುವಷ್ಟರಲ್ಲಿ ಒಬ್ಬ ಪಿಂಚಣಿದಾರನ ಎರಡು ತಿಂಗಳ ಪಿಂಚಣಿ ಹೋಗುತ್ತದೆ. ಪಿಟ್ಟು ತುಂಬುತ್ತಲೇ ಇಲ್ಲವಲ್ಲ, ಅವರು ಯಾಕೆ ಮಾಡಿಸಿಕೊಳ್ಳುತ್ತಾರೆ? ತಳವಿಲ್ಲದ ಪಿಟ್ಟು ಕಟ್ಟಿಸಿಕೊಟ್ಟ ನನ್ನಂಥವರ ಪುಣ್ಯದಿಂದ ಊರಿನ ಕೊಳವೆಗಳು ಖಾಲಿ ಬಿದ್ದಿರುತ್ತವೆ. ಹಿತ್ತಿಲಿನಿಂದ ರಸ್ತೆಯವರೆಗಿನ ಈ ಐವತ್ತು ಅಡಿ ಕೊಳವೆಯನ್ನು ಯೋಜನೆಯ ಖರ್ಚಿನಲ್ಲೇ ಹಾಕಿಸಿ. ಬೇಕಿದ್ದರೆ ಕಂತಿನಲ್ಲಿ ವಸೂಲು ಮಾಡಿ. ಖಾರ್ವಿಕೇರಿಯಂಥ ಒತ್ತೊತ್ತು ಮನೆಗಳ ಕಡೆ ಅಷ್ಟೂ ವಸೂಲು ಮಾಡಬೇಡಿ.

ಎಲ್ಲ ಕಡೆಗೂ ಕೊಳವೆ ಹೋಗಬೇಕೆಂಬ ಹಟವೂ ಬೇಡ. ಹೊಳೆಯಂಚಿನ, ಗದ್ದೆಯಾಚೆಯ ಬಿಡಿ ಮನೆಗಳಿಗೆ ಸೋರದ ಟ್ಯಾಂಕು ಕಟ್ಟಿಸಿ, ಸಕ್ಕಿಂಗ್ ಯಂತ್ರದ ವಾಹನ ಕಳುಹಿಸಿ, ಆ ಮಲತ್ಯಾಜ್ಯಕ್ಕೆಂದೇ ಸಣ್ಣ ಘಟಕ ಇಟ್ಟರೆ ಸಾಕು. ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಿಂದಲೇ ಅಂಥದ್ದೊಂದಿದೆ, ದಿನಕ್ಕೆ ಆರು ಸಾವಿರ ಲೀಟರಿನ ಸಣ್ಣ ಘಟಕ. ಅಲ್ಲಿ ಕೆಸರನ್ನು ಹಾಸಿನ ಮೇಲೆ ಒಣಗಿಸಿ ಕಸದ ಗೊಬ್ಬರದ ಜೊತೆ ಬೆರೆಸುತ್ತಾರೆ. ಅದನ್ನು ನೋಡಿ ಬಂದವರು ಹಾಗೆಯೇ ನಕಲು ಮಾಡಿ ಇಲ್ಲಿ ಕಟ್ಟಿದರೆ ಜೂನ್ ಮೊದಲ ವಾರದಲ್ಲೇ ಕೆಲಸ ನಿಲ್ಲುತ್ತದೆ. ಇಲ್ಲಿ ಒಣಗಿಸುವ ಹಾಸಿನ ಮೇಲೆ ಗಟ್ಟಿ ಮಾಡು ಬೇಕು, ಬದಿಯಿಂದ ಎರಚಲು ಬಡಿಯದಂತೆ ಮರೆ ಬೇಕು. ಆಸಾಡಿಯಲ್ಲಿ ಕೊಬ್ಬರಿ ಒಣಗಿಸಿದ ಯಾವ ಮನೆಯವರನ್ನಾದರೂ ಕೇಳಿ, ಹೇಗೆಂದು ಹೇಳಿಕೊಡುತ್ತಾರೆ.

ಅಂದ ಹಾಗೆ ಮಳೆಗಾಲದಲ್ಲಿ ಟ್ಯಾಂಕು ಖಾಲಿ ಮಾಡಿಸುವವರಿಗೆ ಒಂದು ಮಾತು. ಸಮುದ್ರದ ಹತ್ತಿರದ ಒಂದು ವಸತಿಗೃಹದಲ್ಲಿ ಒಳ್ಳೆಯದೇ ಮಾಡೋಣವೆಂದು ನನ್ನ ಮಾತಿಗೇ ಸೋರದ ಫೈಬರ್ ಟ್ಯಾಂಕು ಹೂಳಿಸಿದ್ದರು. ಜುಲೈಯಲ್ಲಿ ತುಂಬಿತೆಂದು ವಾಹನ ತರಿಸಿ ಪೂರ್ತಿ ಹೀರಿಸಿದರು. ರಾತ್ರಿ ಕಳೆಯುವಷ್ಟರಲ್ಲಿ ಟ್ಯಾಂಕು ನೆಲ ಒಡೆದುಕೊಂಡು ಮುಕ್ಕಾಲು ಅಡಿ ಮೇಲೆದ್ದಿತ್ತು, ಪೈಪುಗಳು ಕಿತ್ತುಹೋಗಿದ್ದವು, ಮೇಲಿನ ಟೈಲ್ಸುಗಳು ಹಪ್ಪಳದಂತೆ ಎದ್ದು ನಿಂತಿದ್ದವು. ದೋಣಿ ತೇಲುವ ಕಾರಣಕ್ಕೇ ಅದೂ ತೇಲಿತ್ತು. ತಳಕ್ಕೆ ಕಾಂಕ್ರೀಟ್ ಭಾರ ಹಾಕಿ ಕಟ್ಟಿಹಾಕಬೇಕೆಂದು ನಾನು ಹೇಳಿರಲಿಲ್ಲ, ನನಗೆ ಹೊಳೆದಿರಲಿಲ್ಲ. ಸಂಸ್ಕರಣಾ ಘಟಕದ ದೊಡ್ಡ ತೊಟ್ಟಿಗಳಿಗೂ ಇದೇ ನಿಯಮ. ದುರಸ್ತಿಗೆಂದು ಮಳೆಗಾಲದಲ್ಲಿ ಖಾಲಿ ಮಾಡಿದರೆ ತೊಟ್ಟಿ ಬಿರುಕು ಬಿಡಬಹುದು, ಮೇಲೇಳಬಹುದು. ಜುಲೈಯ ನೀರಿನ ಮಟ್ಟ ಗೊತ್ತಿಲ್ಲದ ವಿನ್ಯಾಸಗಾರನಿಗೆ ಎಷ್ಟು ಭಾರ ಹಾಕಬೇಕೆಂಬುದೂ ಗೊತ್ತಾಗುವುದಿಲ್ಲ.

ಸಂಸ್ಕರಿಸಿದ ನೀರನ್ನು ಎಲ್ಲಿ ಬಿಡುತ್ತಾರೆ? ನಮ್ಮಂಥ ಊರಿನಲ್ಲಿ ಉತ್ತರ ಹೊಳೆಯೇ. ಆದರೆ ಅಳಿವೆಯ ಹೊಳೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ದಿನಕ್ಕೆ ಎರಡು ಬಾರಿ ಭರತ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಭರತ ಏರುವಾಗ ಬಿಟ್ಟ ನೀರು ಸಮುದ್ರಕ್ಕೆ ಹೋಗದೆ ಮೇಲಕ್ಕೆ, ಕಾಂಡ್ಲಾ ಗಿಡಗಳ ಬುಡಕ್ಕೆ, ಮೀನಿನ ಮರಿಗಳು ಬೆಳೆಯುವ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಆರು ಗಂಟೆಯ ನೀರನ್ನು ಹಿಡಿದಿಟ್ಟುಕೊಳ್ಳುವ ಒಂದು ಕೊಳ ಕಟ್ಟಿ, ಇಳಿತ ಶುರುವಾದ ಮೇಲೆ ಬಿಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ದೋಣಿ ನಡೆಸುವವರೆಲ್ಲ ಇಳಿತದ ಹೊತ್ತು ನೋಡಿಯೇ ಹೊರಡುತ್ತಾರೆ, ಕೊಳಚೆಗೆ ಮಾತ್ರ ಆ ಪಂಚಾಂಗ ಬೇಡವೇ?

ಶುದ್ಧತೆಯ ಅಳತೆಯೂ ಗಟ್ಟಿಯಾಗಿರಬೇಕು. 2017ರ ಕೇಂದ್ರದ ಅಧಿಸೂಚನೆ ಸಣ್ಣ ಊರುಗಳ ಘಟಕದ ನೀರಿನ ಬಿಒಡಿ, ಅಂದರೆ ನೀರಿನಲ್ಲಿ ಉಳಿದ ಕೊಳೆ ಕರಗಲು ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 30 ಮಿಲಿಗ್ರಾಂವರೆಗೆ ಇರಬಹುದೆಂದಿತು. 2019ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 10 ಮಾತ್ರ ಎಂದಿತು. ಇವತ್ತು 30ಕ್ಕೆ ಕಟ್ಟಿ ನಾಳೆ 10ಕ್ಕೆ ಒಡೆದು ಕಟ್ಟುವುದಕ್ಕಿಂತ ಮೊದಲೇ 10ಕ್ಕೆ ಕಟ್ಟುವುದು ಜಾಣತನ. ನನಗೆ ಬಿಒಡಿಗಿಂತ ಹೆಚ್ಚು ಚಿಂತೆ ಮಲದ ಬ್ಯಾಕ್ಟೀರಿಯಾದ್ದು. ಇಳಿತದ ಹೊತ್ತಿನಲ್ಲಿ ಹೊಳೆಯಲ್ಲಿ ಸೊಂಟದವರೆಗೆ ನಿಂತು ಹೆಂಗಸರು ಚಿಪ್ಪು ಹೆಕ್ಕುತ್ತಾರೆ. ಚಿಪ್ಪಿನೊಳಗಿನ ಜೀವಿ ನೀರನ್ನು ಸೋಸಿಯೇ ಬದುಕುವುದು, ನೀರಿನಲ್ಲಿದ್ದ ರೋಗಾಣು ಅದರ ಮೈಯಲ್ಲಿ ಸಂಗ್ರಹವಾಗುತ್ತದೆ. ಬೆಳಿಗ್ಗೆ ಹೊಳೆಗೆ ಬಿಟ್ಟದ್ದು ಮಧ್ಯಾಹ್ನ ಸುಕ್ಕವಾಗಿ ಬಟ್ಟಲಿಗೆ ಬರುತ್ತದೆ. ಸಂಸ್ಕರಿಸದ ಕೊಳಚೆಯನ್ನು ಕರಾವಳಿ ವಲಯಕ್ಕೆ ಬಿಡುವುದನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದು 2011ರ ಜನವರಿಯ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯೇ ಹೇಳಿತ್ತು. ಎರಡು ವರ್ಷದ ಆ ಗಡುವು ಮುಗಿದು ಎಷ್ಟು ಮಳೆಗಾಲ ಆಯಿತೆಂದು ಓದುಗರೇ ಎಣಿಸಿಕೊಳ್ಳಲಿ.

ಇನ್ನು ನನ್ನ ಬೇಡಿಕೆ. ಕುಂದಾಪುರಕ್ಕಾಗಲಿ, ಗಂಗೊಳ್ಳಿಯಿಂದ ಕಾರವಾರದವರೆಗಿನ ಯಾವುದೇ ಊರಿಗಾಗಲಿ ಯೋಜನಾ ವರದಿ ಬರೆಯುವವರು ಒಂದು ಪೂರ್ತಿ ಆಸಾಡಿ ಇಲ್ಲಿ ಇರಬೇಕು. ಪ್ರತಿ ವಾರ್ಡಿನಲ್ಲಿ ಹತ್ತು ಬಾವಿ, ಹತ್ತು ಪಿಟ್ಟಿನ ನೀರಿನ ಮಟ್ಟವನ್ನು ವಾರಕ್ಕೊಮ್ಮೆ ಅಳೆದು ಬರೆದಿಡಲಿ. ಅದಕ್ಕೆ ದೊಡ್ಡ ಉಪಕರಣ ಬೇಡ, ಹೈಸ್ಕೂಲು ಮಕ್ಕಳು ಹಗ್ಗಕ್ಕೆ ಗಂಟು ಹಾಕಿ ಅಳೆಯಬಲ್ಲರು. ತಗ್ಗಿನಲ್ಲಿ ಹಾಕುವ ಕೊಳವೆ ಗಾರೆಯ ಬೆಸುಗೆಯದ್ದಾಗುವುದು ಬೇಡ, ಕಾಯಿಸಿ ಬೆಸೆಯುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿನದು ಇರಲಿ. ಗುತ್ತಿಗೆದಾರರ ಕೊನೆಯ ಬಿಲ್ಲನ್ನು ಮಾರ್ಚಿನಲ್ಲಿ ಕೊಡದೆ, ಕೆಲಸ ಮುಗಿದು ಒಂದು ಆಸಾಡಿ ಕಳೆದ ಮೇಲೆ ಕೊಡಲಿ. ಮನೆ ಜೋಡಣೆಗೆ ಮೊದಲೇ ಮಧ್ಯರಾತ್ರಿ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಟಾರ್ಚು ಬಿಡಿ. ಯಾವ ಮನೆಯೂ ಸೇರದ ಕೊಳವೆಯಲ್ಲಿ ಆ ಹೊತ್ತಿಗೆ ನೀರು ಹರಿಯುತ್ತಿದ್ದರೆ ಅದು ನೆಲದ್ದು, ನನ್ನಂಥ ಯಾರೋ ಸಂಜೆ ಆರೂವರೆಗೆ ಮಣ್ಣು ಮುಚ್ಚಿಸಿದ್ದಾರೆ.

ಸರ್ವೆಗೆ ಬರುವವರಿಗೆ ನನ್ನ ಮನೆಯ ಬಾವಿ, ಪಿಟ್ಟು ಎರಡನ್ನೂ ತೆರೆದು ತೋರಿಸುತ್ತೇನೆ. ಎರಡರ ನಡುವೆ ಮೂವತ್ತೊಂದು ಅಡಿ. ಪಿಟ್ಟು ನಾನೇ ಕಟ್ಟಿಸಿದ್ದು, ತಳ ಇಲ್ಲ. ಕಳೆದ ವರ್ಷದಿಂದ ಕುಡಿಯುವ ನೀರು ಕುದಿಸುತ್ತಿದ್ದೇವೆ. ಅಡಿ ಅಡಿಗೆ ಬಣ್ಣದ ಗೆರೆ ಎಳೆದ ಹದಿನೆಂಟು ಅಡಿಯ ಬಿದಿರ ಕೋಲು ಬಚ್ಚಲು ಮನೆಯ ಗೋಡೆಗೆ ಒರಗಿಸಿಟ್ಟಿದೆ. ಗೇಟಿನ ಚಿಲಕ ತುಕ್ಕು ಹಿಡಿದಿದೆ, ಸ್ವಲ್ಪ ಎತ್ತಿ ತಳ್ಳಬೇಕು.

ಇಂತು,
ಒಬ್ಬ ಹಳೆಯ ಓವರ್‌ಸಿಯರ್
ಕುಂದಾಪುರ